ನಡುವೆ ಬಿದ್ದ ಚೆಂಡು

ಗೋಪಿ ಚಿಕ್ಕಮಗಳೂರಿಗೆ ಒಬ್ಬನೇ ಹೋಗಿ ಬಂದಿದ್ದ. ಅವನು ಒಬ್ಬನೇ ಇದ್ದಾನೆಂದು ನಮಗೆ ಗಂಟೆಗಂಟೆಗೂ ಗೊತ್ತಾಗುತ್ತಿತ್ತು. ಎರಡು ದಿನದಲ್ಲಿ ಅರವತ್ತನಾಲ್ಕು ಫೋಟೊ ನಮ್ಮೆಲ್ಲರ ಮೊಬೈಲಿಗೆ ಬಂದು ಬಿದ್ದಿದ್ದವು. ಮುಳ್ಳಯ್ಯನಗಿರಿಯ ಮೆಟ್ಟಿಲ ಮೇಲೆ ಗೋಪಿ, ಮಂಜಿನಲ್ಲಿ ಗೋಪಿ, ಮಂಜು ಸರಿದ ಮೇಲೆ ಗೋಪಿ, ಕಾಫಿ ತೋಟದಲ್ಲಿ ನಮಗೆ ಬೆನ್ನು ಮಾಡಿ ನಿಂತು ಏನನ್ನೋ ಆಳವಾಗಿ ಯೋಚಿಸುತ್ತಿರುವ ಗೋಪಿ. ಎಲ್ಲದರ ಕೆಳಗೂ ಒಂದೇ ಒಕ್ಕಣೆ: ‘ಸೋಲೋ ಟ್ರಿಪ್’.

“ಈ ಬೆನ್ನನ್ನು ತೆಗೆದವರು ಯಾರು?” ಎಂದು ಕೇಳಿದರು ಶೇಷಣ್ಣ.

“ಅಂದರೆ?”

“ಫೋಟೊ ಕಣಪ್ಪ. ನಿನ್ನ ಬೆನ್ನನ್ನು ಹತ್ತು ಅಡಿ ದೂರದಿಂದ ನೀನೇ ತೆಗೆಯುವಷ್ಟು ನಿನ್ನ ಕೈ ಉದ್ದವಿಲ್ಲ.”

“ಅದು ಹೋಮ್‌ಸ್ಟೇ ಹುಡುಗ ತೆಗೆದದ್ದು.”

“ಮಂಜಿನಲ್ಲಿ?”

“ಜೀಪಿನ ಡ್ರೈವರ್.”

“ಅಕ್ಕಿರೊಟ್ಟಿ ತಿನ್ನುತ್ತಿರುವುದು?”

“ರೊಟ್ಟಿ ತಟ್ಟಿಕೊಟ್ಟ ಅಕ್ಕನೇ ತೆಗೆದರು.”

“ಸರಿ. ಒಬ್ಬನೇ ಹೋಗುವುದಕ್ಕೆ ನಿನಗೆ ಮೂರು ಜನ ಬೇಕಾಯಿತು. ನನಗೆ ಹೆಣ್ಣು ನೋಡುವುದಕ್ಕೆ ಹೋದಾಗಲೂ ನಾವು ಇದ್ದದ್ದು ಇಷ್ಟೇ ಮಂದಿ.”

ವಾಸು ಕೋಡುಬಳೆ ಮುರಿಯುತ್ತಾ ನಕ್ಕ. ಅವನ ತಂಗಿಯ ಮಗ ಹೋದ ವಾರ ‘ಸ್ವಂತ ಬಲದಿಂದ ಮೇಲೆ ಬಂದೆ’ ಎಂದು ತನ್ನ ಕಂಪನಿಯ ಬಗ್ಗೆ ಉದ್ದುದ್ದ ಬರೆದುಕೊಂಡಿದ್ದನಂತೆ. ಆ ಸ್ವಂತ ಬಲದ ಸಾಲಕ್ಕೆ ಜಾಮೀನು ಹಾಕಿದವನು ವಾಸು. ಬರಹದಲ್ಲಿ ಅವನ ಹೆಸರು ಇರಲಿಲ್ಲ, ಬ್ಯಾಂಕಿನ ಕಾಗದದಲ್ಲಿ ಮಾತ್ರ ಇತ್ತು.

“ಈಗ ಎಲ್ಲವೂ ಸೋಲೋ” ಎಂದರು ಶೇಷಣ್ಣ. “ಸೋಲೋ ಪ್ರವಾಸ, ಸೋಲೋ ಊಟ, ಸೋಲೋ ಸಿನಿಮಾ. ಹೆಸರಿನಲ್ಲಿಯೇ ಇದೆಯಲ್ಲ! ನಮ್ಮಜ್ಜಿ ಚೌಕಾಬಾರ ಆಡುವಾಗ ನನಗೆ ಇದನ್ನೇ ಹೇಳುತ್ತಿದ್ದಳು. ‘ಸೋಲೋ, ಬೇಗ ಸೋಲೋ, ಒಲೆ ಹೊತ್ತಿಸಬೇಕು.’”

“ನಿಮಗೆ ಒಬ್ಬರೇ ಇರುವ ಸುಖ ಗೊತ್ತಿಲ್ಲ ಶೇಷಣ್ಣ” ಎಂದ ಗೋಪಿ. “ಮನುಷ್ಯ ತನ್ನನ್ನು ತಾನು ಕಂಡುಕೊಳ್ಳಬೇಕಾದರೆ ಒಬ್ಬನೇ ಹೋಗಬೇಕು. ದೊಡ್ಡದನ್ನು ಸಾಧಿಸಿದವರೆಲ್ಲ ಒಬ್ಬರೇ ಸಾಧಿಸಿದವರು. ಟೆನಿಸನ್ನೇ ತೆಗೆದುಕೊಳ್ಳಿ. ಸಿಂಗಲ್ಸ್ ಗೆದ್ದವರ ಹೆಸರು ಎಲ್ಲರಿಗೂ ಗೊತ್ತು. ಡಬಲ್ಸ್ ಗೆದ್ದವರ ಹೆಸರು ಅವರ ಮನೆಯವರಿಗಾದರೂ ಗೊತ್ತಿರುತ್ತದೆಯೋ ಇಲ್ಲವೋ.”

ಅವನು ಟೆನಿಸಿನ ಮಾತು ಎತ್ತಬಾರದಿತ್ತು. ಶೇಷಣ್ಣ ನಲವತ್ತು ವರ್ಷ ಷಟಲ್ ಡಬಲ್ಸ್ ಆಡಿದವರು. ಸಿಂಗಲ್ಸ್ ಎನ್ನುವುದು ಜೊತೆಗಾರ ರಜೆ ಹಾಕಿದಾಗ ಆಡುವ ಆಟ ಎಂದು ನಂಬಿರುವವರು.

“ಎಲಿಜಬೆತ್ ರಯಾನ್ ಗೊತ್ತೇನೋ?”

“ಇಲ್ಲ.”

“ವಿಂಬಲ್ಡನ್‌ನಲ್ಲಿ 19 ಸಲ ಗೆದ್ದವಳು.”

“ಹತ್ತೊಂಬತ್ತೇ?” ವಾಸುವಿನ ಕಿವಿ ನೆಟ್ಟಗಾಯಿತು. ಸಂಖ್ಯೆ ಕೇಳಿದರೆ ಅವನಿಗೆ ಹಾಗೆಯೇ. “ಅಷ್ಟು ಸಲ ಗೆದ್ದವಳ ಹೆಸರು ನನಗೆ ಹೇಗೆ ಗೊತ್ತಿಲ್ಲ?”

“ಮಹಿಳಾ ಡಬಲ್ಸ್ ಹನ್ನೆರಡು, ಮಿಶ್ರ ಡಬಲ್ಸ್ ಏಳು. ಸಿಂಗಲ್ಸ್ ಸೊನ್ನೆ. ಅದಕ್ಕೇ ಗೊತ್ತಿಲ್ಲ.”

ಒಳಗಿನಿಂದ ಪದ್ಮಕ್ಕ ಬಂದರು. ಹೊರಗೆ ಹನಿ ಬೀಳುವ ಹಾಗಿತ್ತು. “ಮೇಲೆ ಬಟ್ಟೆ ಒಣಹಾಕಿದ್ದೇನೆ, ತೆಗೆದುಕೊಂಡು ಬರುತ್ತೇನೆ. ಒಲೆಯ ಮೇಲೆ ಹಾಲಿದೆ, ಸ್ವಲ್ಪ ನೋಡಿಕೊಳ್ಳಿ” ಎಂದು ಹೇಳಿ ಮೆಟ್ಟಿಲು ಹತ್ತಿದರು. ನಾವು ನಾಲ್ವರೂ ತಲೆಯಾಡಿಸಿದೆವು. ನಾಲ್ಕು ತಲೆ ಆಡಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಒಂದು ನನ್ನದು.

“ಕ್ಯಾಲಿಫೋರ್ನಿಯಾದ ಅನಹೈಮ್‌ನವಳು” ಎಂದು ಶೇಷಣ್ಣ ಕಾಲು ಮಡಚಿ ಕುಳಿತರು. ಇನ್ನು ಕಥೆ ಅರ್ಧ ಗಂಟೆಗೆ ಕಡಿಮೆ ಇಲ್ಲವೆಂದು ಅರ್ಥ. “ಹುಟ್ಟಿದ್ದು 1892. 1912ರಲ್ಲಿ ಇಂಗ್ಲೆಂಡಿಗೆ ಬಂದಳು, ಅಲ್ಲಿಯೇ ನಿಂತಳು. ಎಲ್ಲರೂ ಅವಳನ್ನು ಬನ್ನಿ ಎಂದು ಕರೆಯುತ್ತಿದ್ದರು.”

“ಅಷ್ಟು ಮರ್ಯಾದೆಯೇ?”

“ಬನ್ನಿ ಅಂದರೆ ಮೊಲ ಕಣೋ, ಅವಳ ಅಡ್ಡಹೆಸರು. ಆದರೆ ನೋಡು, ಕನ್ನಡದಲ್ಲಿಯೂ ಸರಿಯಾಗಿಯೇ ಹೊಂದುತ್ತದೆ. ಡಬಲ್ಸ್ ಕಪ್ಪು ಅವಳನ್ನು ಕಂಡಾಗಲೆಲ್ಲ ‘ಬನ್ನಿ’ ಎಂದಿತು. ಸಿಂಗಲ್ಸ್ ಕಪ್ಪು ‘ಹೋಗಿ ಬನ್ನಿ’ ಎಂದಿತು.”

ತಾವು ಹೇಳಿದ ಮಾತಿಗೆ ತಾವೇ ನಗುವುದು ಶೇಷಣ್ಣನವರ ಹಳೆಯ ಕೆಟ್ಟ ಚಾಳಿ. ನಕ್ಕು ಮುಗಿಯುವ ತನಕ ನಾವು ಕೋಡುಬಳೆ ತಿಂದೆವು.

“ಸಿಂಗಲ್ಸ್ ಆಡುತ್ತಲೇ ಇರಲಿಲ್ಲವೇ?” ಎಂದು ನಾನು ಕೇಳಿದೆ.

“ಆಡುತ್ತಿದ್ದಳು, ಚೆನ್ನಾಗಿಯೇ ಆಡುತ್ತಿದ್ದಳು. 1914ರಲ್ಲಿ ರಷ್ಯಾಕ್ಕೆ ಹೋಗಿ ಅಲ್ಲಿನ ಸಿಂಗಲ್ಸ್ ಗೆದ್ದಳು. ಅದರ ಹಿಂದೆಯೇ ಏನಾಯಿತು ಹೇಳು?”

“ಏನಾಯಿತು?”

“ಮೊದಲ ಮಹಾಯುದ್ಧ! ಅಲ್ಲಿ ಮತ್ತೆ ಆ ಪಂದ್ಯಾವಳಿಯೇ ನಡೆಯಲಿಲ್ಲ. ಮೂರು ವರ್ಷಕ್ಕೆ ರಷ್ಯಾದ ಚಕ್ರವರ್ತಿಯ ಸಿಂಹಾಸನವೂ ಹೋಯಿತು. ಅವಳು ಒಬ್ಬಳೇ ಒಂದು ಸಲ ಗೆದ್ದದ್ದಕ್ಕೆ ಒಂದು ಸಾಮ್ರಾಜ್ಯ ಉಳಿಯಲಿಲ್ಲ. ಆಮೇಲೆ ಅವಳೇ ಲೋಕದ ಮೇಲೆ ಕರುಣೆಯಿಟ್ಟು ಡಬಲ್ಸ್‌ನಲ್ಲಿ ಉಳಿದುಕೊಂಡಳು ಎಂದು ನನ್ನ ಅಭಿಪ್ರಾಯ.”

“ಚರಿತ್ರೆಯನ್ನು ನೀವು ಹೀಗೆ ಪಾಠ ಮಾಡಿದ್ದರೆ ನಾನು ಪಾಸಾಗುತ್ತಿದ್ದೆ” ಎಂದ ವಾಸು.

“ವಿಂಬಲ್ಡನ್‌ನಲ್ಲಿ ಮೊದಲ ಕಪ್ಪು ಬಂದದ್ದೂ ಅದೇ ವರ್ಷ, ಆಗಥಾ ಮಾರ್ಟನ್ ಜೊತೆ. ಯುದ್ಧದ ನಾಲ್ಕು ವರ್ಷ ವಿಂಬಲ್ಡನ್ ಇಲ್ಲ. 1919ರಲ್ಲಿ ಆಟ ಮತ್ತೆ ಶುರುವಾದಾಗ ಇವಳ ಪಕ್ಕಕ್ಕೆ ಬಂದು ನಿಂತವಳು ಸುಜಾನ್ ಲೆಂಗ್ಲೆನ್. ಫ್ರಾನ್ಸಿನ ಹುಡುಗಿ, ವಯಸ್ಸು ಇಪ್ಪತ್ತು. ಕುಣಿಯುತ್ತಾ ಆಡುವವಳು. ಆಟದ ನಡುವೆ ಸುಸ್ತಾದರೆ ಬ್ರಾಂದಿ ಗುಟುಕರಿಸುವವಳು.”

“ಬ್ರಾಂದಿಯೇ? ಆಟದ ನಡುವೆ?”

“ನೀನು ಮುಳ್ಳಯ್ಯನಗಿರಿಯಲ್ಲಿ ಕುಡಿದದ್ದು ತೀರ್ಥವೇನೋ? ಕೇಳು. ಇವರಿಬ್ಬರೂ ಸೇರಿ ಆರು ಸಲ ವಿಂಬಲ್ಡನ್ ಗೆದ್ದರು. 1919ರಿಂದ 23ರವರೆಗೆ ಒಂದೇ ಸಮನೆ ಐದು, ಆಮೇಲೆ 25ರಲ್ಲಿ ಒಂದು. ಅಲ್ಲಿ ಜೊತೆಯಾಗಿ ಆಡಿದಾಗ ಒಂದು ಪಂದ್ಯವನ್ನೂ ಸೋಲಲಿಲ್ಲ.”

“ಹಾಗಾದರೆ ಗೆದ್ದದ್ದು ಲೆಂಗ್ಲೆನ್” ಎಂದು ಗೋಪಿ ಬಾಯಿ ಹಾಕಿದ. “ದೊಡ್ಡ ಆಟಗಾರ್ತಿ ಅವಳು. ಇವಳು ಪಕ್ಕದಲ್ಲಿ ನಿಂತಿದ್ದಳು, ಅಷ್ಟೆ.”

ಶೇಷಣ್ಣ ಮುಂದಕ್ಕೆ ಬಾಗಿದರು. ಅವರಿಗೆ ಬೇಕಾಗಿದ್ದದ್ದು ಇದೇ ಪ್ರಶ್ನೆ ಎಂದು ನನಗೆ ಅನುಮಾನ.

“ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. 1926ರಲ್ಲಿ ಫ್ರಾನ್ಸಿನ ಟೆನಿಸ್ ಸಂಘದವರು ಲೆಂಗ್ಲೆನ್‌ಗೆ ಹೇಳಿದರು: ನೀನು ನಮ್ಮ ದೇಶದವಳ ಜೊತೆಯಲ್ಲಿಯೇ ಆಡಬೇಕು, ಅಮೆರಿಕದವಳು ಯಾಕೆ? ಸರಿ, ಡಿಡಿ ವ್ಲಾಸ್ಟೊ ಎನ್ನುವವಳನ್ನು ಜೊತೆಗೆ ಹಾಕಿದರು. ರಯಾನ್ ತನ್ನೂರ ಕಡೆಯ ಮೇರಿ ಬ್ರೌನ್‌ಳನ್ನು ಸೇರಿಸಿಕೊಂಡಳು. ಇವಳಿಗೆ 34, ಅವಳಿಗೆ 35. ಚೀಟಿ ಎತ್ತಿದರೆ ಎರಡೂ ಜೋಡಿ ಪ್ರಾರಂಭದಲ್ಲಿಯೇ ಎದುರುಬದುರು! ಆ ವರ್ಷ ದೊಡ್ಡ ರಾದ್ಧಾಂತವೂ ಆಯಿತು. ರಾಣಿ ಮೇರಿ ಆಟ ನೋಡಲು ಬಂದು ಕುಳಿತಿದ್ದಾರೆ, ಲೆಂಗ್ಲೆನ್ ಪತ್ತೆಯಿಲ್ಲ. ತಡವಾಗಿ ಬಂದಳು, ಜಗಳವಾಯಿತು. ಅಂತೂ ಆಮೇಲೆ ಪಂದ್ಯ ನಡೆದಾಗ ಮೊದಲ ಸೆಟ್ ಇವರು ಸೋತರು, 3–6. ಎರಡನೆಯದು 9–7. ಮೂರನೆಯದು 6–2. ಲೆಂಗ್ಲೆನ್ ಔಟ್. ಪಕ್ಕದಲ್ಲಿ ಸುಮ್ಮನೆ ನಿಂತಿದ್ದವಳು ಆ ಸಲದ ಕಪ್ಪನ್ನೂ ತೆಗೆದುಕೊಂಡು ಹೋದಳು.”

ಗೋಪಿ ತನ್ನ ಮೊಬೈಲನ್ನು ಮಗುಚಿಟ್ಟ. ಸೋತಾಗ ಅವನು ಮಾಡುವುದು ಹೀಗೆಯೇ.

“ಕಂಬದಂಥ ಒಬ್ಬಳನ್ನು ಹಿಡಿದುಕೊಂಡು ಗೆದ್ದವಳಲ್ಲ ಅವಳು” ಎಂದು ಶೇಷಣ್ಣ ಬೆರಳು ಮಡಿಸತೊಡಗಿದರು. “ಮಾರ್ಟನ್, ಲೆಂಗ್ಲೆನ್, ಬ್ರೌನ್, ಹೆಲೆನ್ ವಿಲ್ಸ್, ಸಿಮೋನ್ ಮಾಥ್ಯೂ. ಇದು ಹೆಂಗಸರ ಲೆಕ್ಕ. ಗಂಡಸರಲ್ಲಿ ಲೈಸೆಟ್ ಮೂರು ಸಲ. ಆಮೇಲೆ ಹಂಟರ್, ಸ್ಪೆನ್ಸ್, ಕ್ರಾಫರ್ಡ್, ಮೈಯರ್. ಅಮೆರಿಕದವನು, ದಕ್ಷಿಣ ಆಫ್ರಿಕಾದವನು, ಆಸ್ಟ್ರೇಲಿಯಾದವನು, ಸ್ಪೇನಿನವನು. ಯಾರನ್ನು ಪಕ್ಕದಲ್ಲಿ ನಿಲ್ಲಿಸಿದರೂ ಗೆದ್ದಳು. ನಮ್ಮ ಮನೆಯಲ್ಲಿ ನೋಡು, ಎರಡು ಮಿಕ್ಸರ್ ಜಾರುಗಳು ಒಂದೇ ಮೋಟರಿಗೆ ಹೊಂದುವುದಿಲ್ಲ.”

“ಅವಳ ಆಟದಲ್ಲಿ ಅಂಥದ್ದೇನಿತ್ತು?”

“ನೆಟ್ಟಿನ ಹತ್ತಿರ ನಿಂತು ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು. ಅದಿಲ್ಲದಿದ್ದರೆ ಸೌತೆಕಾಯಿ ಹೆಚ್ಚಿದ ಹಾಗೆ ಚೆಂಡನ್ನು ಕೆಳಗೆ ಕತ್ತರಿಸಿ ಬಿಡುವುದು, ಅದು ಎದುರಿಗೆ ಹೋಗಿ ಏಳುವುದೇ ಇಲ್ಲ. ಆದರೆ ಡಬಲ್ಸ್ ಎಂದರೆ ಹೊಡೆತವಲ್ಲವೋ. ಇಲ್ಲಿ ನೋಡು.” ಶೇಷಣ್ಣ ಕೋಡುಬಳೆಯ ತಟ್ಟೆಯನ್ನು ನಡುವಿಗೆ ಎಳೆದರು. “ಸಿಂಗಲ್ಸ್ ಅಂಕಣದ ಅಗಲ 27 ಅಡಿ. ಡಬಲ್ಸ್‌ಗೆ ಎರಡೂ ಕಡೆ ನಾಲ್ಕೂವರೆ ಅಡಿ ಸೇರಿಸಿ 36. ಅಂದರೆ ಒಬ್ಬೊಬ್ಬರ ಪಾಲಿಗೆ?”

“ಹದಿನೆಂಟು” ಎಂದ ವಾಸು, ಪ್ರಶ್ನೆ ಮುಗಿಯುವ ಮುನ್ನವೇ.

“ಹದಿನೆಂಟು. ಮದುವೆಯಾದ ಮೇಲೆ ಮನೆ ದೊಡ್ಡದಾಗುತ್ತದೆ, ಓಡಾಡುವ ಜಾಗ ಕಡಿಮೆಯಾಗುತ್ತದೆ. ಇದು ಅದೇ ಲೆಕ್ಕ. ಈಗ ನೆಟ್ಟು. ಪಕ್ಕದ ಕಂಬಗಳ ಹತ್ತಿರ ಮೂರೂವರೆ ಅಡಿ, ನಡುವೆ ಮೂರೇ ಅಡಿ. ಎದುರಾಳಿ ದಡ್ಡನಲ್ಲದಿದ್ದರೆ ಎಲ್ಲಿಗೆ ಹೊಡೆಯುತ್ತಾನೆ? ನಡುವೆ! ಅಲ್ಲಿ ನೆಟ್ಟೂ ತಗ್ಗು, ಇವರಿಬ್ಬರಿಗೆ ಗೊಂದಲವೂ ಹೌದು. ಇವನು ಅವನು ಹೊಡೆಯಲಿ ಎನ್ನುತ್ತಾನೆ, ಅವನು ಇವನು ಹೊಡೆಯಲಿ ಎನ್ನುತ್ತಾನೆ. ಚೆಂಡು ಇಬ್ಬರಿಗೂ ನಮಸ್ಕಾರ ಮಾಡಿ ನಡುವೆ ನುಸುಳಿ ಹೋಗುತ್ತದೆ. ಡಬಲ್ಸ್ ಆಟವೆಂದರೆ ನಡುವೆ ಬಿದ್ದ ಚೆಂಡು ಯಾರದು ಎನ್ನುವ ಆಟ. ‘ನನ್ನದು’ ಎಂದು ಕೂಗುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಸರಿಯಾದ ಹೊತ್ತಿಗೆ ‘ನಿನ್ನದು’ ಎಂದು ಕೂಗಿ ಬಿಟ್ಟುಕೊಡುವುದಿದೆಯಲ್ಲ, ಅದಕ್ಕೆ ಇಪ್ಪತ್ತು ವರ್ಷ ಬೇಕು.”

“ಅಷ್ಟು ಚೆನ್ನಾಗಿ ಆಡುತ್ತಿದ್ದವಳು ವಿಂಬಲ್ಡನ್ ಸಿಂಗಲ್ಸ್ ಯಾಕೆ ಗೆಲ್ಲಲಿಲ್ಲ?”

“ಎರಡು ಸಲ ಕೊನೆಯ ಪಂದ್ಯದವರೆಗೆ ಬಂದಳು. 1921ರಲ್ಲಿ ಎದುರಿಗೆ ಯಾರು? ಲೆಂಗ್ಲೆನ್. 6–2, 6–0. 1930ರಲ್ಲಿ ಎದುರಿಗೆ ಯಾರು? ಹೆಲೆನ್ ವಿಲ್ಸ್ ಮೂಡಿ. 6–2, 6–2. ಗಮನಿಸಿದೆಯಾ? ಎರಡು ಸಲವೂ ಹೊಡೆದವಳು ಆಯಾ ವರ್ಷದ ಜೊತೆಗಾತಿಯೇ! ಮೊದಲು ಅವಳ ಕೈಯಲ್ಲಿ ಏಟು ತಿಂದು, ಆಮೇಲೆ ಅವಳ ಪಕ್ಕದಲ್ಲಿ ನಿಂತು ಡಬಲ್ಸ್ ಗೆಲ್ಲುವುದು. ನೀನಾಗಿದ್ದರೆ ಮುಖ ಊದಿಸಿಕೊಂಡು ಮುಳ್ಳಯ್ಯನಗಿರಿಗೆ ಹೋಗುತ್ತಿದ್ದೆ.”

“ಏನಾದರೂ ಸಂಪಾದನೆ ಇತ್ತೇ ಅವಳಿಗೆ?” ವಾಸು ಬ್ಯಾಂಕಿನವನು.

“ಒಂದು ಕಾಸೂ ಇಲ್ಲ. ಆಗ ವಿಂಬಲ್ಡನ್ ಹವ್ಯಾಸಿಗಳ ಆಟ. ಬಹುಮಾನದ ಹಣ ಬಂದದ್ದು 1968ಕ್ಕೆ. ನಮ್ಮ ಹವ್ಯಾಸಿ ನಾಟಕ ತಂಡದ ಹಾಗೆ. ನೆನಪಿದೆಯೇ, ನೀನು ಭೀಮನ ಪಾತ್ರ ಮಾಡಿದಾಗ ಗದೆಯ ಬಾಡಿಗೆ ನಿನ್ನ ಕೈಯಿಂದಲೇ ಕೊಟ್ಟಿದ್ದೆ.”

“ಗದೆ ಮುರಿದದ್ದಕ್ಕೆ ದಂಡವನ್ನೂ ಕೊಟ್ಟಿದ್ದೆ.”

“ಅವಳು ಹಾಗೆ ಇಪ್ಪತ್ತು ವರ್ಷ ಆಡಿದಳು. ಕೊನೆಯ ಕಪ್ಪು 1934ರಲ್ಲಿ, ವಯಸ್ಸು ನಲವತ್ತೆರಡು. ಅದಾದ ಮೇಲೆ ಹೊಟ್ಟೆಪಾಡಿಗೆ ಟೆನಿಸ್ ಕಲಿಸುವುದಕ್ಕೆ ಹೋದಳು. ಕಲಿಸಿ ಹಣ ತೆಗೆದುಕೊಂಡರೆ ಹವ್ಯಾಸಿ ಅಲ್ಲ, ಅಲ್ಲಿಗೆ ವಿಂಬಲ್ಡನ್ ಬಾಗಿಲು ಮುಚ್ಚಿತು.”

“ನಲವತ್ತೆರಡಕ್ಕೆ ಕಪ್ಪೇ!” ಎಂದೆ ನಾನು.

“ಡಬಲ್ಸ್‌ನಲ್ಲಿ ಅದೇನು ಮಹಾ? ನಮ್ಮ ಕೊಡಗಿನ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಕಪ್ಪು ಎತ್ತಿದಾಗ ವಯಸ್ಸು 43. ಡಬಲ್ಸ್‌ನಲ್ಲಿ ಜಗತ್ತಿಗೇ ಒಂದನೆಯವನಾದ. ಆ ದಿನ ನಮ್ಮ ಬೀದಿಯಲ್ಲಿ ಒಂದು ಪಟಾಕಿ ಹೊಡೆದರೇನೋ? ಕೇಳಿದರೆ ‘ಡಬಲ್ಸ್ ತಾನೆ’ ಎಂದರು. ತಾನೆ ಅಂತೆ! ಎರಡು ಜನ ನಲವತ್ತರ ನಂತರವೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾ ಆಡುವುದು ಸುಲಭವೇ? ಮನೆಯಲ್ಲಿ ಮಾಡಿ ನೋಡು.”

ಗೋಪಿ ಅಷ್ಟಕ್ಕೆ ಬಿಡಲಿಲ್ಲ. “ಏನೇ ಹೇಳಿ, ಒಂದಾದರೂ ದೊಡ್ಡ ಸಿಂಗಲ್ಸ್ ಗೆದ್ದಿದ್ದರೆ ಅವಳ ಹೆಸರು ಉಳಿಯುತ್ತಿತ್ತು.”

“ಹತ್ತಿರ ಬಂದಿದ್ದಳು ಮಾರಾಯ” ಎಂದು ಶೇಷಣ್ಣ ದನಿ ತಗ್ಗಿಸಿದರು. ನಾವು ಮುಂದಕ್ಕೆ ಸರಿದೆವು. “ಅದೇ 1926. ಅಮೆರಿಕದ ಚಾಂಪಿಯನ್‌ಷಿಪ್ ಫೈನಲ್. ಎದುರಿಗೆ ಮೊಲ್ಲಾ ಮಲ್ಲೋರಿ, ನಲವತ್ತೆರಡು ವರ್ಷದವಳು. ಮೊದಲ ಸೆಟ್ ರಯಾನ್‌ಗೆ, ಎರಡನೆಯದು ಮಲ್ಲೋರಿಗೆ. ಮೂರನೆಯದರಲ್ಲಿ ರಯಾನ್ 4–0 ಮುಂದೆ. ನಾಲ್ಕು ಸೊನ್ನೆ! ಇನ್ನು ಎರಡು ಗೇಮ್. ನಾನಾಗಿದ್ದರೆ ಅಷ್ಟು ಹೊತ್ತಿಗೆ ಹೋಟೆಲಿಗೆ ದೋಸೆ ಹೇಳಿ ಕಳಿಸುತ್ತಿದ್ದೆ. ಅಲ್ಲಿಂದ ಮುದುಕಿ ಒಂದೊಂದಾಗಿ ಹತ್ತಿಕೊಂಡು ಬಂದಳು. ಆದರೂ 7–6ಕ್ಕೆ ರಯಾನ್ ಮುಂದೆ, ಒಂದೇ ಒಂದು ಪಾಯಿಂಟ್ ಬಂದರೆ ಮುಗಿಯಿತು, ಮ್ಯಾಚ್ ಪಾಯಿಂಟ್, ಸರ್ವಿಸ್ ಬಿತ್ತು, ಎಲ್ಲರೂ ಉಸಿರು ಬಿಗಿಹಿಡಿದು...”

ಸುಂಯ್ ಎಂದಿತು.

ಆ ಸದ್ದು ಅಮೆರಿಕದಿಂದ ಬಂದದ್ದಲ್ಲವೆಂದು ನಮಗೆ ತಿಳಿಯುವುದಕ್ಕೆ ನಾಲ್ಕೈದು ಕ್ಷಣ ಬೇಕಾಯಿತು. ಆಮೇಲೆ ಸೀದ ಹಾಲಿನ ವಾಸನೆ ಜಗುಲಿಗೆ ಬಂತು. ನಾಲ್ವರೂ ಒಟ್ಟಿಗೆ ಎದ್ದು, ಅಡುಗೆಮನೆಯ ಬಾಗಿಲಲ್ಲಿ ಒಟ್ಟಿಗೆ ಸಿಕ್ಕಿಕೊಂಡೆವು. ಒಲೆ ಆರಿಸಿದವರು ಪದ್ಮಕ್ಕನೇ, ಬಟ್ಟೆಯ ಹೊರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಬಂದು.

“ಹಾಲು ನೋಡಿಕೊಳ್ಳಿ ಎಂದು ಹೇಳಿದ್ದೆನಲ್ಲ?”

“ವಾಸು ನೋಡುತ್ತಾನೆ ಅಂದುಕೊಂಡೆ” ಎಂದೆ ನಾನು.

“ನಾನು ಗೋಪಿ ಅಂದುಕೊಂಡೆ” ಎಂದ ವಾಸು.

“ಮನೆಯವರು ಶೇಷಣ್ಣ ಅಲ್ಲವೇ?” ಎಂದ ಗೋಪಿ.

ಶೇಷಣ್ಣನ ಮುಖದಲ್ಲಿ ನಾಚಿಕೆ ಇರಲಿಲ್ಲ, ಪರಮಾನಂದವಿತ್ತು. “ಬಂತಲ್ಲ! ನಡುವೆ ಬಿದ್ದ ಚೆಂಡು! ನಾಲ್ಕು ಜನ ಇದ್ದೂ ನಡುವೆಯೇ ಹೋಯಿತು! ಪದ್ಮಾ, ಇಷ್ಟು ಹೊತ್ತು ನಾನು ಇವರಿಗೆ ಹೇಳುತ್ತಿದ್ದದ್ದು ಇದನ್ನೇ.”

“ಚೆಂಡು ಆಮೇಲೆ ಹೇಳುವಿರಂತೆ. ಈಗ ಒಲೆ ಒರೆಸುವವರು ಯಾರು?”

“ನಿನ್ನದು!” ಎಂದು ಮೂವರೂ ಗೋಪಿಯ ಕಡೆಗೆ ತಿರುಗಿ ಕೂಗಿದೆವು. ಅವನು ಒಲೆಯನ್ನು ಒಬ್ಬನೇ ಒರೆಸಿದ. ಶೇಷಣ್ಣ ಅವನ ಮೊಬೈಲಿನಲ್ಲಿಯೇ ಅದರ ಫೋಟೊ ತೆಗೆದರು, ಹಿಂದಿನಿಂದ, ಬೆನ್ನು ಕಾಣುವ ಹಾಗೆ.

ಮತ್ತೆ ಜಗುಲಿಗೆ ಬಂದು ಕುಳಿತಾಗ ಮಳೆ ಹಿಡಿದಿತ್ತು. ಪದ್ಮಕ್ಕ ಮಿಕ್ಕ ಹಾಲಿನಲ್ಲಿ ಕಾಫಿ ಮಾಡಿ ತಂದರು, ಲೋಟಗಳು ಅರ್ಧರ್ಧ ಮಾತ್ರ ತುಂಬಿದ್ದವು. ತಟ್ಟೆಯಲ್ಲಿ ಒಂದೇ ಒಂದು ಕೋಡುಬಳೆ ಉಳಿದಿತ್ತು. ಎಲ್ಲರೂ ನೋಡಿದೆವು, ಯಾರೂ ಮುಟ್ಟಲಿಲ್ಲ.

“ಆ ಮ್ಯಾಚ್ ಪಾಯಿಂಟ್ ಏನಾಯಿತು?” ಎಂದು ಕೇಳಿದವನು ಗೋಪಿಯೇ.

“ಹೋಯಿತು. 4–6, 6–4, 9–7. ಮಲ್ಲೋರಿ ಗೆದ್ದಳು.” ಶೇಷಣ್ಣ ಕಾಫಿ ಊದಿದರು. “ಅದೇ ಪಂದ್ಯಾವಳಿಯಲ್ಲಿ ರಯಾನ್ ಎಲಿನಾರ್ ಗಾಸ್ ಜೊತೆ ಡಬಲ್ಸ್ ಗೆದ್ದಳು, ಬೊರೊಟ್ರಾ ಜೊತೆ ಮಿಶ್ರ ಡಬಲ್ಸ್ ಗೆದ್ದಳು. ಅದು ಬೇರೆ ಮಾತು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆ ಮೌನ ವಾಸುವಿಗೆ ಆಗಿಬರುವುದಿಲ್ಲ. “ಆ 19ರ ದಾಖಲೆ ಈಗಲೂ ಇದೆಯೇ?”

“ಬಿಲ್ಲಿ ಜೀನ್ ಕಿಂಗ್ 1975ರಲ್ಲಿ ಬಂದು ಸರಿಸಮ ನಿಂತಳು, 19. ಆಮೇಲೆ ನಾಲ್ಕು ವರ್ಷ ಅವಳಿಗೆ ಇಪ್ಪತ್ತನೆಯದು ಸಿಗಲಿಲ್ಲ. ಎರಡು ಸಲ ಫೈನಲ್‌ನಲ್ಲಿ ಸೋತಳು. ರಯಾನ್‌ಗೆ ಆಗ ಎಂಬತ್ತು ದಾಟಿತ್ತು, ವಿಂಬಲ್ಡನ್‌ಗೆ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. 1979ರಲ್ಲಿ ಕಿಂಗ್ ನವ್ರಾಟಿಲೋವಾ ಜೊತೆ ಡಬಲ್ಸ್ ಫೈನಲ್‌ಗೆ ಬಂದಳು. ಫೈನಲ್ ಶನಿವಾರ, ಜುಲೈ 7. ಹಿಂದಿನ ದಿನ ಶುಕ್ರವಾರ ಮಹಿಳೆಯರ ಸಿಂಗಲ್ಸ್ ಫೈನಲ್. ಅದನ್ನು ನೋಡಲು ಹೋಗಿದ್ದ ರಯಾನ್ ಅದೇ ಕ್ಲಬ್ಬಿನಲ್ಲಿ ಕುಸಿದುಬಿದ್ದಳು. ಅಂದೇ ತೀರಿಕೊಂಡಳು. ವಯಸ್ಸು 87. ಮರುದಿನ ಕಿಂಗ್ ಗೆದ್ದಳು, ಇಪ್ಪತ್ತು.”

“ಒಂದು ದಿನ ಮೊದಲು” ಎಂದ ಗೋಪಿ.

“ಒಂದು ದಿನ.”

ವಾಸು ವಿದ್ಯುತ್ ಬಿಲ್ಲಿನ ಹಿಂದೆ ಏನೋ ಗೀಚುತ್ತಿದ್ದ. “ತಡೆಯಿರಿ, ತಡೆಯಿರಿ. ಕಿಂಗ್‌ಳ ಇಪ್ಪತ್ತರಲ್ಲಿ ಸಿಂಗಲ್ಸ್ ಎಷ್ಟು?”

“ಆರು. ಡಬಲ್ಸ್ ಹತ್ತು, ಮಿಶ್ರ ನಾಲ್ಕು.”

“ಅಂದರೆ ಜೊತೆಯಾಗಿ ಗೆದ್ದದ್ದು ಹದಿನಾಲ್ಕು. ನವ್ರಾಟಿಲೋವಾಗೂ ಆಮೇಲೆ ಇಪ್ಪತ್ತು ಆಯಿತಲ್ಲವೇ? ಅವಳದು?”

“ಸಿಂಗಲ್ಸ್ ಒಂಬತ್ತು, ಡಬಲ್ಸ್ ಏಳು, ಮಿಶ್ರ ನಾಲ್ಕು.”

“ಹನ್ನೊಂದು! ಮತ್ತೆ ಇನ್ನೇನು ಶೇಷಣ್ಣ, ಡಬಲ್ಸ್ ಲೆಕ್ಕದಲ್ಲಿ 19 ಮುರಿದೇ ಇಲ್ಲ! ಮಹಿಳಾ ಡಬಲ್ಸ್‌ನ ಹನ್ನೆರಡೂ ಹಾಗೆಯೇ ಇದೆ. ಸುಮ್ಮನೆ ಸಿಂಗಲ್ಸನ್ನು ತಂದು ಸೇರಿಸಿ ಅವಳ ದಾಖಲೆ ಮುರಿಯಿತು ಎನ್ನುವುದು ಯಾವ ನ್ಯಾಯ? ಸೇಬಿನ ಬುಟ್ಟಿಗೆ ಹಲಸಿನ ಹಣ್ಣು ಹಾಕಿ ತೂಗಿದ ಹಾಗಾಯಿತು!” ವಾಸುವಿಗೆ ಬಂದ ಸಿಟ್ಟನ್ನು ನೋಡಿದರೆ ಎಲಿಜಬೆತ್ ರಯಾನ್ ಅವನ ಸೋದರತ್ತೆಯಾಗಿರಬೇಕು ಅನ್ನಿಸುತ್ತಿತ್ತು.

ಶೇಷಣ್ಣ ಈ ಸಲ ನಗಲಿಲ್ಲ. “ಅವಳು ಹೋದ ಸುದ್ದಿಯನ್ನು ನಾವು ವಾಚನಾಲಯದಲ್ಲಿ ಓದಿದೆವು. ನಾನು, ನಂಜುಂಡ.”

ನಂಜುಂಡ ಎಂದರೆ ನಂಜುಂಡ. ನಮಗೆ ಬೇರೆ ವಿವರ ಬೇಕಾಗಿರಲಿಲ್ಲ. ಶೇಷಣ್ಣನ ಬಲಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಒಂದು ಕಲೆ ಇದೆ, ಅಲ್ಲಿ ಕೂದಲು ಬೆಳೆಯುವುದಿಲ್ಲ. ಅದು ನಂಜುಂಡನ ರ‍್ಯಾಕೆಟ್ಟಿನ ಗುರುತು. ಅವನು ಎಡಚ, ಬಲಗಡೆ ನಿಲ್ಲುತ್ತಿದ್ದ. ಶೇಷಣ್ಣ ಬಲಗೈಯವರು, ಎಡಗಡೆ ನಿಲ್ಲುತ್ತಿದ್ದರು. ಹಾಗಾಗಿ ಇಬ್ಬರ ಬಲವಾದ ಕೈಯೂ ನಡುವೆಯೇ. ಅಲ್ಲಿಗೆ ಬಂದ ಷಟಲ್ ಕಾಕಿಗೆ ಇಬ್ಬರೂ ಹಕ್ಕುದಾರರು. ಮೊದಲ ವರ್ಷ ಹೊಲಿಗೆ ಬಿತ್ತು. ಆಮೇಲೆ ಕೂಗುವುದನ್ನು ಕಲಿತರು.

“ಅವತ್ತು ಅವನು ಪತ್ರಿಕೆ ಮಡಿಸಿಟ್ಟು ಒಂದು ಮಾತು ಹೇಳಿದ” ಎಂದರು ಶೇಷಣ್ಣ. “‘ಶೇಷ, ನೋಡಿದೆಯಾ, ಆ ಚೆಂಡು ಬರುವುದು ಅವಳಿಗೆ ಮೊದಲೇ ಕಾಣಿಸಿತು. ನಿನ್ನದು ಎಂದು ಕೂಗಿ ಪಕ್ಕಕ್ಕೆ ಸರಿದುಬಿಟ್ಟಳು’ ಎಂದ.”

ಮಳೆಯ ನೀರು ಸೂರಿನಿಂದ ತುಳಸಿಕಟ್ಟೆಯ ಮೇಲೆ ಬೀಳುತ್ತಿತ್ತು.

“ಈಗ ಬೆಳಗ್ಗೆ ಆಡುವುದಕ್ಕೆ ಒಬ್ಬ ಹುಡುಗನನ್ನು ಜೊತೆಗೆ ಹಾಕಿದ್ದಾರೆ. ಒಳ್ಳೆಯವನು. ಕಾಲಿನಲ್ಲಿ ಶಕ್ತಿ ಇದೆ. ಆದರೆ ನಡುವೆ ಕಾಕು ಬಂತೆಂದರೆ ನಾನು ಸುಮ್ಮನೆ ನಿಂತುಬಿಡುತ್ತೇನೆ. ‘ಅಂಕಲ್, ಯಾಕೆ ಬಿಟ್ಟಿರಿ?’ ಎನ್ನುತ್ತಾನೆ. ಏನು ಹೇಳಲಿ? ಪಕ್ಕದಿಂದ ಯಾರೂ ಕೂಗಲಿಲ್ಲ ಎನ್ನಲೇ?”

ನಂಜುಂಡ ಹೋಗಿ ಈ ಶ್ರಾವಣಕ್ಕೆ ಒಂದು ವರ್ಷ. ಗೋಪಿ ಒದ್ದೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಲೆ ಒರೆಸಿ ಆಗಲೇ ಬಹಳ ಹೊತ್ತಾಗಿತ್ತು, ಕೈ ಒಣಗಿಯೇ ಇತ್ತು.

“ಶೇಷಣ್ಣ” ಎಂದ ಗೋಪಿ ಕೊನೆಗೆ, “ಮುಂದಿನ ತಿಂಗಳು ಕುಮಾರಪರ್ವತ ಹತ್ತಬೇಕು ಅಂದುಕೊಂಡಿದ್ದೇನೆ. ನೀವೂ ಬರುವುದಾದರೆ...”

“ಸೋಲೋ ಅಲ್ಲವೇ?”

“ನೀವು ಬಂದರೂ ಸೋಲೋ ಎಂದೇ ಹಾಕುತ್ತೇನೆ.”

“ಹಾಕು. ಫೋಟೊ ನಾನು ತೆಗೆಯುತ್ತೇನೆ. ಮೊಣಕಾಲಿನವರೆಗೆ ಮಾತ್ರ ಬರುವ ಹಾಗೆ.”

ಮಳೆ ನಿಂತಿತ್ತು. ನಾವು ಚಪ್ಪಲಿ ಹುಡುಕತೊಡಗಿದೆವು. ಪದ್ಮಕ್ಕ ಲೋಟ ತೆಗೆಯಲು ಬಂದವರು ತಟ್ಟೆಯನ್ನು ನೋಡಿ ನಿಂತರು.

“ಇದೊಂದು ಯಾಕೆ ಉಳಿಯಿತು? ಯಾರದು ಇದು?”

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪದ್ಮಕ್ಕ ಒಂದು ಕ್ಷಣ ಕಾದರು. ಆಮೇಲೆ ಕೋಡುಬಳೆಯನ್ನು ತಾವೇ ಬಾಯಿಗೆ ಹಾಕಿಕೊಂಡು, ಕರುಮ್ ಎನ್ನಿಸುತ್ತಾ, ತಟ್ಟೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.